ಆದರ್ಶ ಲೋಕದಲ್ಲಿ ಮುಸುರೆ ತಿಕ್ಕೋರು ಯಾರು?

ಗಾಂಧಿಬಜಾರ್_ಓದುಗಿ

ವಿಜ್ಞಾನ ಕಥೆ, ಕಲ್ಪನಾಲೋಕದ ಕಥೆಗಳ ಈ ಚರ್ಚಾಕಟ್ಟೆಯಲ್ಲಿ ರಾಕೆಟ್ಟು, ರೋಬೋಟು, ಕಾಲಯಂತ್ರದ ಚರ್ಚೆ ಬೇಕಾದಷ್ಟು ಆಗಿದೆ. ನಾನು ಬೇರೆ ಬಾಗಿಲಿಂದ ಒಳಗೆ ಬರ್ತೀನಿ. ಯಾವುದೇ ‘ಆದರ್ಶ ಸಮಾಜ’ದ ಕಥೆ ಕೈಗೆ ಸಿಕ್ಕರೂ ನಾನು ಮೊದಲು ಹುಡುಕೋದು ಅದರ ಅಡುಗೆಮನೆ. ಅಲ್ಲಿ ಅನ್ನಕ್ಕೆ ಯಾರು ಇಡ್ತಾರೆ, ಮುಸುರೆ ಯಾರು ತಿಕ್ತಾರೆ, ಕಕ್ಕಸು ಯಾರು ತೊಳೀತಾರೆ, ರಾತ್ರಿ ಮಗು ಅತ್ತರೆ ಯಾರು ಏಳ್ತಾರೆ. ಬರೆದವರ ನ್ಯಾಯ-ನೀತಿ ಎಂಥದ್ದು ಅನ್ನೋದು ಭಾಷಣದ ಪುಟಗಳಿಗಿಂತ ಇಲ್ಲಿ ಬೇಗ ಗೊತ್ತಾಗುತ್ತೆ.

ಇಂಗ್ಲೆಂಡಿನ ಥಾಮಸ್ ಮೋರ್ 1516ರಲ್ಲಿ ಬರೆದ ‘ಯುಟೋಪಿಯಾ’ ತಗೊಳ್ಳಿ. ಆಸ್ತಿ ಯಾರದ್ದೂ ಅಲ್ಲ, ದಿನಕ್ಕೆ ಆರು ಗಂಟೆ ದುಡಿದರೆ ಸಾಕು, ಚಿನ್ನದ ಮೇಲೆ ಯಾರಿಗೂ ಮೋಹ ಇರಬಾರದು ಅಂತ ಉಚ್ಚೆ ಪಾತ್ರೆಗಳನ್ನ ಚಿನ್ನದಲ್ಲೇ ಮಾಡಿಸಿರ್ತಾರೆ. ಓದ್ತಾ ಓದ್ತಾ ಖುಷಿಯಾಗುತ್ತೆ. ಆಮೇಲೆ ಸಾಮೂಹಿಕ ಊಟದ ಮನೆಗೆ ಬರ್ತೀರಿ. ಹೊಲಸು ಕೆಲಸಕ್ಕೆ ಗುಲಾಮರು. ಅಡುಗೆ ಹೆಂಗಸರದ್ದು, ಸರದಿ ಪ್ರಕಾರ. ತಿಂಗಳಿಗೊಮ್ಮೆ ಹೆಂಡತಿ ಗಂಡನ ಮುಂದೆ ಮಂಡಿಯೂರಿ ತಪ್ಪೊಪ್ಪಿಕೊಳ್ಳಬೇಕು. ಚಿನ್ನದಲ್ಲಿ ಉಚ್ಚೆ ಪಾತ್ರೆ ಮಾಡಿಸುವಷ್ಟು ದೂರ ತಲೆ ಓಡಿಸಿದವನಿಗೆ ಗಂಡಸಿನ ಕೈಗೆ ಸೌಟು ಕೊಡೋದು ಮಾತ್ರ ಹೊಳೀಲಿಲ್ಲ.

ಅದನ್ನ ಹೊಳೆಸಿಕೊಂಡಾಕೆ ಬಂಗಾಳದ ರೊಕೇಯಾ ಸಖಾವತ್ ಹುಸೇನ್. 1905ರಲ್ಲಿ, ಮದರಾಸಿನಿಂದ ಬರ್ತಿದ್ದ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ‘ಸುಲ್ತಾನಾಸ್ ಡ್ರೀಮ್’ ಅನ್ನೋ ಪುಟ್ಟ ಕಥೆ. ಅದರೊಳಗಿನ ಹೆಣ್ಣುನಾಡಿನಲ್ಲಿ ಗಂಡಸರೆಲ್ಲ ಪರದೆಯ ಹಿಂದೆ, ಮನೆಯೊಳಗೆ. ಹೊರಗಿನ ಆಡಳಿತ, ವಿಜ್ಞಾನ, ಯುದ್ಧ ಎಲ್ಲ ಹೆಂಗಸರದ್ದು. ಒಂದು ವಿಶ್ವವಿದ್ಯಾಲಯದವರು ಬಲೂನು ಕಟ್ಟಿ ಮೋಡದಿಂದ ನೀರು ಇಳಿಸ್ತಾರೆ, ಇನ್ನೊಂದರವರು ಸೂರ್ಯನ ಶಾಖ ಕೂಡಿಟ್ಟುಕೊಳ್ತಾರೆ. ಅಡುಗೆಮನೆ ತರಕಾರಿ ತೋಟದ ನಡುವೆ ಇದೆ, ಬಿಸಿಲಿನ ಶಾಖದಲ್ಲೇ ಬೇಯುತ್ತೆ, ಹೊಗೆಯಿಲ್ಲ, ಮಸಿಯಿಲ್ಲ. ನೋಡೋಕೆ ಕಥೆ ಹೇಳೋ ಸುಲ್ತಾನಾ ಹೋಗುವಾಗ ಅಲ್ಲಿದ್ದ ಗಂಡಸರನ್ನ ಸ್ವಲ್ಪ ಆಚೆ ಹೋಗಿ ಅಂತ ಕಳಿಸ್ತಾರೆ! ಹೊಗೆ ಕುಡಿದು ಕಣ್ಣು ಕೆಡಿಸಿಕೊಂಡ ಹೆಂಗಸರ ಊರಿಂದ ಬಂದವಳು ಮಾತ್ರ ಬರೆಯಬಲ್ಲ ಪುಟ ಅದು.

ನಿಮಗೆ ಇಷ್ಟವಾದ, ಇಲ್ಲ ಸಿಟ್ಟು ಬರಿಸಿದ ಕಲ್ಪಿತ ಲೋಕ ಯಾವುದು? ಅಲ್ಲಿನ ಬೆಲೆ ಯಾರು ಕೊಡ್ತಾರೆ?

ನೈಟ್‌ಶಿಫ್ಟ್_ಗುರು

ಮೇಡಂ, ಆ ಕಥೆ ನಾನೂ ಓದಿದೀನಿ, ಸಖತ್ ಮಜಾ ಇದೆ. ಆದ್ರೆ ಗಂಡಸರನ್ನೆಲ್ಲ ಕೂಡಿಹಾಕೋದು ಆದರ್ಶ ಹೇಗಾಗುತ್ತೆ? ಜೈಲಿನೊಳಗಿರೋರು ಬದಲಾದ್ರು, ಜೈಲು ಹಾಗೇ ಇದೆ. ರೊಕೇಯಾ ಅವರ ಗಂಡನೇ ಓದಿ ‘ಭಯಂಕರ ಸೇಡು’ ಅಂದಿದ್ದರಂತೆ.

ಗಾಂಧಿಬಜಾರ್_ಓದುಗಿ

ಅಂದಿದ್ದು ಮೆಚ್ಚಿಕೊಂಡೇ ಅಂತ ಹೇಳ್ತಾರೆ, ಅದನ್ನೂ ಸೇರಿಸಿ.

ಅದು ನೀಲನಕ್ಷೆ ಅಲ್ಲ ಗುರು, ಕನ್ನಡಿ. ಸುಲ್ತಾನಾ ಬೀದಿಯಲ್ಲಿ ತಲೆತಗ್ಗಿಸಿ ನಡೆಯುವಾಗ ಅಲ್ಲಿನ ಹೆಂಗಸರು ನಗ್ತಾರೆ, ‘ಗಂಡಸರ ಹಾಗೆ ನಾಚಿಕೊಳ್ತಾಳೆ ನೋಡಿ’ ಅಂತ. ಗಂಡಸರಿಗೆ ಸೂಜಿಗೆ ದಾರ ಪೋಣಿಸುವಷ್ಟೂ ತಾಳ್ಮೆಯಿಲ್ಲ ಅನ್ನೋ ಮಾತು ಬರುತ್ತೆ. ಒಬ್ಬ ದಿನಕ್ಕೆ ಹನ್ನೆರಡು ಚುಟ್ಟಾ ಸೇದಿದರೆ, ಒಂದಕ್ಕೆ ಅರ್ಧ ಗಂಟೆಯಂತೆ ಆರು ಗಂಟೆ ಹೊಗೆಗೇ ಹೋಯ್ತು, ಅದಕ್ಕೇ ನಮ್ಮ ಕಚೇರಿ ಕೆಲಸ ಎರಡೇ ಗಂಟೆಯಲ್ಲಿ ಮುಗಿಯುತ್ತೆ ಅನ್ನೋ ಲೆಕ್ಕ ಬರುತ್ತೆ. ಹೆಂಗಸರ ಬಗ್ಗೆ ಗಂಡಸರು ಆಡ್ತಿದ್ದ ಮಾತುಗಳನ್ನೇ ತಿರುಗಿಸಿ ಇಟ್ಟಿದ್ದಾರೆ, ಅಷ್ಟೆ. ಗಂಡಸರನ್ನ ಕೂಡಿಹಾಕೋದು ಅನ್ಯಾಯ ಅಂತ ನಿಮಗೆ ಎರಡನೇ ಪುಟದಲ್ಲೇ ಅನ್ನಿಸಿತಲ್ಲ? ಕಥೆಯ ಕೆಲಸ ಅಲ್ಲಿಗೆ ಆಯ್ತು. ಅದೇ ಹೊತ್ತಿನಲ್ಲಿ ನಿಜವಾಗಿ ಒಳಗಿದ್ದವರ ಬಗ್ಗೆ ಅದೇ ಸಿಟ್ಟು ಎಷ್ಟು ಜನಕ್ಕೆ ಬಂದಿತ್ತು? 1911ರಲ್ಲಿ ರೊಕೇಯಾ ಕಲ್ಕತ್ತೆಯಲ್ಲಿ ಹುಡುಗಿಯರ ಶಾಲೆ ತೆರೆದು, ಮನೆಮನೆಗೆ ಹೋಗಿ ಮಕ್ಕಳನ್ನ ಕಳಿಸಿ ಅಂತ ಕೇಳಿಕೊಳ್ಳಬೇಕಾಯ್ತು.

ಧಾರವಾಡದ_ಪೇಡೆ_ವಿಜಯನಗರದ_ಬಾಡಿಗೆ

ಮೇಡಮ್ಮಾರ, ನಿಮ್ಮ ಅಡಗಿಮನಿ ಪ್ರಶ್ನೆ ಭಾಳ ಛಲೋ ಅದ. ನಾ ಅದನ್ನ ಒಂದ್ ಮಜಲು ಕೆಳಗ ಒಯ್ತೀನಿ, ನೆಲಮಾಳಿಗಿಗೆ.

ಅಮೆರಿಕಾದ ಲೇಖಕಿ ಉರ್ಸುಲಾ ಲೆ ಗ್ವಿನ್ 1973ರಾಗ ಓಮೆಲಾಸ್ ಅನ್ನೋ ಊರಿನ ಕಥಿ ಬರದ್ರು. ಊರ ತುಂಬ ಹಬ್ಬ, ಹಾಡು, ಕುದುರಿ ಓಟ. ರಾಜ ಇಲ್ಲ, ಗುಲಾಮರಿಲ್ಲ. ಆದರ ಒಂದ್ ಮನಿ ನೆಲಮಾಳಿಗ್ಯಾಗ, ಕಸಬರಿಗಿ ಇಡೋ ಅಷ್ಟ ಜಾಗಾದಾಗ, ಒಂದು ಕೂಸು. ಹತ್ತು ವರ್ಷದ್ದು, ನೋಡಿದ್ರ ಆರು ವರ್ಷದ್ದು ಕಂಡಂಗ. ಹೊಲಸಿನಾಗ ಕೂತದ. ಅದಕ್ಕ ಒಂದ ಒಂದು ಪ್ರೀತಿ ಮಾತು ಆಡಿದ್ರೂ ಊರಿನ ಸುಖ ಎಲ್ಲಾ ಮುಗೀತು, ಅದು ಕರಾರು. ಊರಿನ ಮಕ್ಕಳಿಗೆಲ್ಲಾ ಎಂಟರಿಂದ ಹನ್ನೆರಡು ವಯಸ್ಸಿನಾಗ ಇದನ್ನ ತಿಳಿಸ್ತಾರ. ಅಳ್ತಾರ, ಸಿಟ್ಟಾಗ್ತಾರ, ಆಮ್ಯಾಲ ಹೊಂದಿಕೊಳ್ತಾರ. ಕೆಲವೊಬ್ಬರು ಮಾತ್ರ ಊರು ಬಿಟ್ಟು ನಡೀತಾರ, ಒಬ್ಬೊಬ್ಬರ ಆಗಿ. ಊರಿನ ಹೆಸರು ಆಕಿಗೆ ಹೊಳದದ್ದು ರಸ್ತಾದ ಬೋರ್ಡಿನ ಮ್ಯಾಲಿನ ಸೇಲಂ ಅನ್ನೋದನ್ನ ಉಲ್ಟಾ ಓದಿ. ನಮ್ಮ ಮಗ್ಗಲ ಸೇಲಂ ಅಲ್ಲ, ಅಮೆರಿಕಾದ ಒರೆಗಾನಿಂದು.

ಇದನ್ನ ಮೊದಲ ಸಲ ಓದಿದಾಗ ನನಗ ಹೊಸಾದು ಅನಸಲೇ ಇಲ್ಲ. ನಮ್ಮ ಅಜ್ಜಿ ಬೀಸೋಕಲ್ಲಿನ ಮುಂದ ಹಾಡತಿದ್ಲು, ‘ಕೆರೆಗೆ ಹಾರ’. ಮಲ್ಲನಗೌಡ ಕೆರಿ ಕಟ್ಟಿಸ್ತಾನ, ಸೇರು ನೀರೂ ಬರೂದಿಲ್ಲ. ಹೊತ್ತಗಿ ತಗಸಿ ಕೇಳ್ತಾರ, ಸೊಸಿನ್ನ ಹಾರ ಕೊಡಬೇಕು, ಅಂದ್ರ ಬಲಿ ಕೊಡಬೇಕು ಅಂತದ. ಹಿರಿಸೊಸಿನ್ನ ಕೊಟ್ರ ಹಿರಿತನಕ್ಕ ಯಾರೂ ಇಲ್ಲ, ಅದಕ ಕಿರಿಸೊಸಿ ಭಾಗೀರಥಿ. ನೋಡ್ರಿ ಆ ಲೆಕ್ಕಾಚಾರ!

ಲೆ ಗ್ವಿನ್ ಹೇಳ್ತಾರ, ಆ ಕೂಸು ಹುಡುಗ ಇರಬಹುದು, ಹುಡುಗಿ ಇರಬಹುದು ಅಂತ. ನಮ್ಮ ಹಾಡಿನ್ಯಾಗ ‘ಇರಬಹುದು’ ಇಲ್ಲ. ಗೌಡ್ರ ಮಗನ್ನ ಕೊಡೂಣು ಅಂತ ಯಾರ ಬಾಯಾಗೂ ಬರೂದಿಲ್ಲ. ಬ್ಯಾರೆ ಮನಿಯಿಂದ ಬಂದಾಕಿ, ಅದರಾಗ ಸಣ್ಣಾಕಿ. ಹೆಣ್ಣು ಅನ್ನೋ ಮಾತು ಬಿಟ್ಟು ಓಮೆಲಾಸ್ ಬರೀಬಹುದು, ಕೆರೆಗೆ ಹಾರ ಬರ‍್ಯಾಕ ಆಗೂದಿಲ್ಲ.

ಸರ್ಜಾಪುರ_ಸಿಗ್ನಲ್

ಧಾರವಾಡದ ಅಣ್ಣಾ, ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಹುಟ್ಟಿನ ಐತಿಹ್ಯವೇ ಇದು. 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿಸುವಾಗ ದಕ್ಷಿಣದ ಬಾಗಿಲು ನಿಲ್ತಾನೇ ಇರಲಿಲ್ಲ, ಹಗಲು ಕಟ್ಟಿದ್ದು ರಾತ್ರಿ ಬೀಳ್ತಿತ್ತು, ತುಂಬುಬಸುರಿಯ ಬಲಿ ಬೇಕು ಅಂತ ಹೇಳಿದರು, ಸೊಸೆ ಲಕ್ಷ್ಮಮ್ಮ ಯಾರಿಗೂ ಹೇಳದೆ ರಾತ್ರಿ ಹೋಗಿ ತನ್ನನ್ನೇ ಕೊಟ್ಟುಕೊಂಡಳು ಅನ್ನೋ ಕಥೆ. ಕೋರಮಂಗಲದಲ್ಲಿ ಆಕೆಯ ಸಮಾಧಿ, ಗುಡಿ ಇದೆ. ಅದರ ಸುತ್ತ ಪಾರ್ಕು, ಪಾರ್ಕಿನ ಸುತ್ತ ಸ್ಟಾರ್ಟಪ್ಪು. ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಅದರ ಮುಂದೆ ಹೋಗೋ ಎಷ್ಟೋ ಜನಕ್ಕೆ ಅದು ಯಾರ ಗುಡಿ ಅಂತಾನೇ ಗೊತ್ತಿಲ್ಲ.

ಓಮೆಲಾಸ್‌ನವರಾದ್ರೂ ಮಕ್ಕಳಿಗೆ ಕರೆದು ತೋರಿಸ್ತಾರೆ ಸ್ವಾಮಿ.

ಇನ್ನೊಂದು ಮಾತು. ಕೆರೆಗಾಗಿ ಸೊಸೆಯನ್ನೇ ಕೊಟ್ಟ ಹಾಡು ಹಾಡಿದ ನಾಡಿನಲ್ಲಿ ನಾವು ಧರ್ಮಾಂಬುಧಿ ಕೆರೆ ಮೇಲೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಕಟ್ಟಿದ್ವಿ, ಸಂಪಂಗಿ ಕೆರೆ ಮೇಲೆ ಸ್ಟೇಡಿಯಂ ಕಟ್ಟಿದ್ವಿ. ವಿಷಯಕ್ಕೆ ಸಂಬಂಧ ಇಲ್ಲ, ಹೊಟ್ಟೆ ಉರೀತು, ಹೇಳಿದೆ.

ನಿವೃತ್ತ_ಮೇಷ್ಟ್ರು

ಚರ್ಚೆ ಸೊಗಸಾಗಿ ಸಾಗಿದೆ. ಆದರೆ ಒಂದು ಗೆರೆ ಎಳೆಯಬೇಕಾಗಿದೆ. ಜನಪದ ಬಲಿದಾನದ ಹಾಡನ್ನೂ ಕಲ್ಪನಾಲೋಕದ ಆಧುನಿಕ ಕಥೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಆಧುನಿಕ ಕಥೆಗಾರ ಲೋಕದ ಒಂದು ನಿಯಮವನ್ನು ಬೇಕೆಂದೇ ಬದಲಿಸುತ್ತಾನೆ, ಬದಲಿಸಿದ್ದೇನೆಂದು ಓದುಗನಿಗೆ ಗೊತ್ತಿರುತ್ತದೆ, ಆಮೇಲೆ ಆ ನಿಯಮ ಎಲ್ಲಿಗೆ ಒಯ್ಯುತ್ತದೋ ಅಲ್ಲಿಗೆ ಹೋಗುತ್ತಾನೆ. ಬಲಿಯ ಹಾಡಿನಲ್ಲಿ ನಿಯಮ ಪ್ರಶ್ನೆಯೇ ಅಲ್ಲ. ನೀರು ಬರಬೇಕಾದರೆ ಹಾರ ಕೊಡಬೇಕು, ಕೊಟ್ಟರು, ಬಂತು. ಹಾಡು ಅದನ್ನು ತ್ಯಾಗವೆಂದು ಪೂಜಿಸುತ್ತದೆ. ಅನುಮಾನಕ್ಕೂ ಆರಾಧನೆಗೂ ವ್ಯತ್ಯಾಸವಿಲ್ಲವೇ?

ಧಾರವಾಡದ_ಪೇಡೆ_ವಿಜಯನಗರದ_ಬಾಡಿಗೆ

ಮೇಷ್ಟ್ರ, ನಿಮ್ಮ ಮಾತಿಗೆ ಗೌರವ ಇಟ್ಟುಕೊಂಡ ಹೇಳ್ತೀನ್ರಿ, ಹಾಡು ಪೂಜಿ ಮಾಡೂದಿಲ್ಲ. ಶಾಲಿ ಪುಸ್ತಕದ ಮುನ್ನುಡಿ ಮಾಡ್ತದ.

ಹಾಡಿನ್ಯಾಗ ಏನಾಗ್ತದ ನೋಡ್ರಿ. ವಿಷಯ ಕಿವಿಗೆ ಬಿದ್ದ ಕೂಡಲೇ ಭಾಗೀರಥಿ ತವರಮನಿಗೆ ಓಡ್ತಾಳ. ಅಪ್ಪ ಕೇಳ್ತಾನ, ಯಾಕ ಮಗಳ ಮಾರಿ ಬಾಡ್ಯದ ಅಂತ. ಅಕಿ ಖರೇ ಹೇಳೂದಿಲ್ಲ, ಅತ್ತಿ ಮಾವ ಬ್ಯಾರೆ ಇಡ್ತಾರಂತ ಅಂತಾಳ. ಇಟ್ಟರ ಇಡವಲ್ಲರ್ಯಾಕ, ಹೊಲ ಮನಿ ಕೊಡಸ್ತೀನಿ ಅಂತಾನ ಅಪ್ಪ. ಅವ್ವ ವಸ್ತಾ ಕೊಡಸ್ತೀನಿ ಅಂತಾಳ. ಗೆಳತಿ ಒಬ್ಬಾಕಿ ಮುಂದ ಮಾತ್ರ ಖರೇ ಬಾಯಿ ಬಿಡ್ತಾಳ, ಕೆರಿಗೆ ಹಾರ ಕೊಡ್ತಾರಂತ. ಗೆಳತಿ ಏನಂತಾಳ? ಕೊಟ್ಟರ ಕೊಡಲಿ, ಅವರು ಇಟ್ಟಂಗ ಇರಬೇಕು ಅಂತಾಳ!

ಓಮೆಲಾಸಿನ ಕೂಸು ಮಾತಾಡೂದಿಲ್ಲ, ಮಾತಾಡಿದ್ರೂ ‘ನಾ ಛಲೋ ಇರ್ತೀನಿ, ಬಿಡ್ರಿ’ ಅನ್ನೋದಷ್ಟ. ನಮ್ಮ ಹಾಡು ಬಲಿ ಆಗಾಕಿಯ ಬೆನ್ನ ಹಿಂದ ಹೋಗಿ, ಒಂದೊಂದ ಬಾಗಲಾ ಬಡಿಸಿ, ಒಂದೊಂದೂ ಮುಚ್ಚಿದ್ದನ್ನ ತೋರಸ್ತದ. ಹೆಂಗಸರು ಹೆಂಗಸರ ಮುಂದ ಹಾಡಿದ ಹಾಡು ಅದು. ಪ್ರಶ್ನೆ ಕೇಳಲಾರದವರು ಇಷ್ಟು ಬಾಗಲಾ ಯಾಕ ಬಡಸ್ತಿದ್ರು? ಕಡೀಕ ದಂಡಿನಿಂದ ಗಂಡ ಮಾದೇವರಾಯ ಬರ್ತಾನ, ಕೇಳ್ತಾನ, ತಿಳ್ಕೊತಾನ, ಅದ ಕೆರ‍್ಯಾಗ ಹಾರ್ತಾನ. ಊರು ಬಿಟ್ಟು ಹೋದಾಂವ ಅಂವ ಒಬ್ಬನ. ಅಂವಂದೂ ನೀರಿನ ಕಡೀಕ.

ನಿವೃತ್ತ_ಮೇಷ್ಟ್ರು

ಗೆಳತಿಯ ಮಾತಿನ ಬಗ್ಗೆ ನೀವು ಹೇಳಿದ್ದು ಸರಿ, ಅದು ಹಾಡಿನ ಅತಿ ಕಠೋರವಾದ ಸಾಲು. ಆದರೂ ನನ್ನ ಗೆರೆ ಅಳಿಸುವುದಿಲ್ಲ. ಮನೆಯವರನ್ನು ಹಾಡು ಪ್ರಶ್ನಿಸುತ್ತದೆ, ನಿಯಮವನ್ನು ಪ್ರಶ್ನಿಸುವುದಿಲ್ಲ. ಆಕೆ ಹೋದಮೇಲೆ ಕೆರೆ ತುಂಬುತ್ತದಲ್ಲ, ಮೆಟ್ಟಿಲು ಮೆಟ್ಟಿಲಾಗಿ. ತುಂಬದೆ ಹೋಗಿದ್ದರೆ?

ಗಾಂಧಿಬಜಾರ್_ಓದುಗಿ

ಮೇಷ್ಟ್ರೇ, ಅದನ್ನ ಯಾರಾದರೂ ಬರೀಬೇಕು! ಭಾಗೀರಥಿಯನ್ನ ಕೊಟ್ಟರು, ಕೆರೆ ತುಂಬಲಿಲ್ಲ. ಮಾರನೇ ದಿನ ಊರವರು ಒಬ್ಬರ ಮುಖ ಒಬ್ಬರು ಹೇಗೆ ನೋಡ್ತಾರೆ? ನೀವು ಹೇಳಿದ ‘ಒಂದು ನಿಯಮ ಬದಲಿಸೋದು’ ಅಂದರೆ ಇದೇ ಅಲ್ವಾ.

ಪೀಣ್ಯ_ಎರಡನೇ_ಹಂತ

ನಾನು ಇಲ್ಲಿ ಹೆಚ್ಚು ಬರೆಯೋನಲ್ಲ. ಓಮೆಲಾಸ್ ಬಿಟ್ಟು ಹೋಗೋರ ಬಗ್ಗೆ ಎಲ್ಲರೂ ಹೊಗಳ್ತೀರಿ, ನನಗೆ ಅವರ ಮೇಲೇ ಸಿಟ್ಟು. ಬಿಟ್ಟು ಹೋಗೋಕೆ ಇನ್ನೊಂದು ಊರು ಇರಬೇಕು, ಕೈಯಲ್ಲಿ ಏನಾದ್ರೂ ಇರಬೇಕು. ಬೆಂಗಳೂರಲ್ಲಿ ಬಿಟ್ಟು ಹೋಗೋದು ಅಂದರೆ ಏನು? ಗೇಟು ಹಾಕಿದ ಲೇಔಟಿಗೆ ಹೋಗೋದು. ಸ್ವಂತ ಬೋರ್‌ವೆಲ್ಲು, ಸ್ವಂತ ಜನರೇಟರ್ರು. ನಲ್ಲಿ ನೀರಿಗೆ ಕಾಯೋರು ಕಾಯ್ತಾನೇ ಇರ್ತಾರೆ. ಮಗು ನೆಲಮಾಳಿಗೆಯಲ್ಲೇ ಇರುತ್ತೆ, ಹೋದವರ ಮನಸ್ಸು ಮಾತ್ರ ಹಗುರ ಆಗುತ್ತೆ.

2016ರ ಏಪ್ರಿಲ್‌ನಲ್ಲಿ ಏನಾಯ್ತು ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲು 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅಂತ ಕೇಂದ್ರದ ನಿಯಮ ಬಂತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮೆಷಿನ್ ಬಿಟ್ಟು ಎದ್ದು ರಸ್ತೆಗೆ ಬಂದ್ರು. ಹೊಸೂರು ರಸ್ತೆ, ತುಮಕೂರು ರಸ್ತೆ ಎರಡೂ ನಿಂತುಹೋಯ್ತು. ದೊಡ್ಡ ಯೂನಿಯನ್ ಕರೆ ಕೊಟ್ಟಿರಲಿಲ್ಲ, ವೇದಿಕೆ ಇರಲಿಲ್ಲ. ನಿಯಮ ವಾಪಸ್ ಹೋಯ್ತು. ನಮ್ಮಮ್ಮ ಅವತ್ತು ಹೋದವರಲ್ಲಿ ಒಬ್ಬರು. ಆಮೇಲೆ ಮತ್ತೆ ಅದೇ ಮೆಷಿನ್ ಮುಂದೆ ಕೂತರು, ಅದೂ ನಿಜ. ಕಥೆಯವರು ಒಬ್ಬೊಬ್ಬರೇ ಹೋಗ್ತಾರೆ ಅಂದ್ರಲ್ಲ, ಇವರು ಒಟ್ಟಿಗೆ ಎದ್ದರು. ಇಂಥದ್ದನ್ನ ಯಾವ ಆದರ್ಶ ಲೋಕದ ಕಥೆಯಲ್ಲಿ ಬರೆದಿದ್ದಾರೆ ಹೇಳಿ, ಓದ್ತೀನಿ.

ನೈಟ್‌ಶಿಫ್ಟ್_ಗುರು

ಪೀಣ್ಯದವರೇ, ನಿಮ್ಮ ಸಿಟ್ಟು ಅಮೆರಿಕದ ಲೇಖಕಿ ಎನ್.ಕೆ. ಜೆಮಿಸಿನ್‌ಗೂ ಬಂದಿತ್ತು. 2018ರಲ್ಲಿ ಓಮೆಲಾಸ್‌ಗೆ ಉತ್ತರವಾಗಿ ಒಂದು ಕಥೆ ಬರೆದ್ರು, ಹೆಸರೇ ‘ಉಳಿದು ಹೋರಾಡುವವರು’ ಅನ್ನೋ ಅರ್ಥದ್ದು. ಆದ್ರೆ ಅಲ್ಲಿನ ಒಳ್ಳೆ ಸಮಾಜ ತನ್ನನ್ನ ಉಳಿಸಿಕೊಳ್ಳೋಕೆ ಮಾಡೋ ಕೆಲಸ ಓದಿದ್ರೆ ಹೊಟ್ಟೆ ತೊಳೆಸುತ್ತೆ. ‘ಕೆಲವರು ಕೀಳು’ ಅನ್ನೋ ವಿಚಾರ ಬೇರೆ ಲೋಕದಿಂದ ಸೋರಿ ಒಳಗೆ ಬರಬಾರದು ಅಂತ, ಅದನ್ನ ಅಂಟಿಸಿಕೊಂಡವರನ್ನ ಕೊಲ್ತಾರೆ. ಓದಿ ಜಗಳ ಆಡೋಣ.

ಕುಂದಾಪ್ರ_ಕಡಲು

ಮಾರಾಯ್ರೆ, ಗಂಡು-ಹೆಣ್ಣಿನ ವಿಷಯ ಅಂತ ಶುರುವಾಗಿ ಲೆ ಗ್ವಿನ್ ಹೆಸರೂ ಬಂದು, 1969ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಬಗ್ಗೆ ಯಾರೂ ಮಾತಾಡಲಿಲ್ಲವಾ?

ಗೆಥೆನ್ ಅನ್ನುವ ಹಿಮದ ಗ್ರಹ. ಅಲ್ಲಿ ಯಾರೂ ಖಾಯಂ ಗಂಡಲ್ಲ, ಖಾಯಂ ಹೆಣ್ಣಲ್ಲ. ತಿಂಗಳಲ್ಲಿ ಕೆಲವೇ ದಿನ ಗಂಡೋ ಹೆಣ್ಣೋ ಆಗುವ ಸ್ಥಿತಿ ಬರುತ್ತದೆ, ಆಗ ಯಾರು ಯಾವುದಾಗುತ್ತಾರೆ ಅಂತ ಮೊದಲೇ ಹೇಳಲಿಕ್ಕಾಗುವುದಿಲ್ಲ. ನಾಲ್ಕು ಮಕ್ಕಳ ತಾಯಿ ಇನ್ನೆರಡು ಮಕ್ಕಳ ತಂದೆಯೂ ಆಗಿರಬಹುದು. ರಾಜನೇ ಬಸುರಿ! ನನಗೆ ಹಿಡಿಸಿದ್ದು ಅದರ ಪರಿಣಾಮದ ಲೆಕ್ಕ. ಯಾರಿಗೆ ಬೇಕಾದರೂ ಹೆರಿಗೆ ಬರಬಹುದು ಅಂದಮೇಲೆ ‘ನಾಳೆ ಬಸುರಿಯಾಗಿ ರಜೆ ಹಾಕುತ್ತಾಳೆ’ ಅಂತ ಯಾರನ್ನೂ ಕೆಲಸಕ್ಕೆ ಬೇಡ ಅನ್ನುವ ಹಾಗಿಲ್ಲ. ಬಾಣಂತನದ ಭಾರ ಊರಿಗೆಲ್ಲ ಹಂಚಿಹೋಗುತ್ತದೆ. ಮಾನ್ಯತಾ ಟೆಕ್ ಪಾರ್ಕಿನ ಹೆಚ್ಆರ್‌ನವರಿಗೆ ಓದಿಸಬೇಕು.

ಜಗಳ, ಕೊಲೆ, ಒಳಸಂಚು ಎಲ್ಲ ಅಲ್ಲಿಯೂ ಉಂಟು, ಯುದ್ಧ ಮಾತ್ರ ಇಲ್ಲ. ಅದಕ್ಕೆ ಕಾರಣ ಲಿಂಗವೋ ಚಳಿಯೋ ಅಂತ ಲೇಖಕಿ ಬಿಟ್ಟುಕೊಡುವುದಿಲ್ಲ.

ಗಾಂಧಿಬಜಾರ್_ಓದುಗಿ

ನನ್ನ ಅಡುಗೆಮನೆ ಪರೀಕ್ಷೆ ಅದಕ್ಕೂ ಇದೆ! ಆ ಕಾದಂಬರಿಯ ಎಸ್ಟ್ರಾವೆನ್ ಪ್ರಧಾನಿ ಆಗಿರ್ತಾರೆ, ಗಡಿಪಾರಾಗ್ತಾರೆ, ಹಿಮದ ಮೇಲೆ ಬಂಡಿ ಎಳೀತಾರೆ. ಒಂದು ಸಲವಾದರೂ ಮಗುವಿಗೆ ಉಣಿಸೋದು ಕಾಣಿಸುತ್ತಾ? ಇಲ್ಲ. ಲೆ ಗ್ವಿನ್ ಅವರೇ 1976ರ ಒಂದು ಪ್ರಬಂಧದಲ್ಲಿ ಇದನ್ನ ಎತ್ತಿಕೊಳ್ತಾರೆ, ನಾವು ಗಂಡಸಿನದು ಅಂತ ಒಪ್ಪಿಕೊಂಡ ಕೆಲಸಗಳಲ್ಲೇ ಆತನನ್ನ ತೋರಿಸಿದ್ದರಿಂದ ಓದುಗರಿಗೆ ಗಂಡಸಾಗಿಯೇ ಕಂಡ ಅಂತ. ಅಷ್ಟು ದೊಡ್ಡ ಕಲ್ಪನೆ ಇದ್ದವರ ಗ್ರಹದಲ್ಲೂ ಕ್ಯಾಮೆರಾ ಅಡುಗೆಮನೆಗೆ ಹೋಗಲಿಲ್ಲ.

ನಡುವೆ_ಸುಳಿವ

ಇಷ್ಟು ಹೊತ್ತು ಓದ್ತಾ ಇದ್ದೆ. ನಾನು ಟ್ರಾನ್ಸ್ ಹೆಣ್ಣು, ಬೆಂಗಳೂರಲ್ಲೇ ಕೆಲಸ. ಗೆಥೆನ್ ಪುಸ್ತಕ ನನಗೂ ಇಷ್ಟ. ಆದರೆ ಒಂದು ಪ್ರಶ್ನೆ, ನಮ್ಮಂಥವರನ್ನ ಕಲ್ಪಿಸಿಕೊಳ್ಳೋಕೆ ನಿಮಗೆಲ್ಲ ಇನ್ನೊಂದು ಗ್ರಹವೇ ಯಾಕೆ ಬೇಕು?

ನನ್ನ ಹೆಸರು ಎಲ್ಲಿಂದ ಬಂತು ಅಂತ ಮೇಷ್ಟ್ರಿಗೆ ಗೊತ್ತಾಗಿರುತ್ತೆ. ಮೊಲೆ ಮುಡಿ ಬಂದರೆ ಹೆಣ್ಣು ಅಂತಾರೆ, ಗಡ್ಡ ಮೀಸೆ ಬಂದರೆ ಗಂಡು ಅಂತಾರೆ, ನಡುವೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಅಂತ ಜೇಡರ ದಾಸಿಮಯ್ಯ ಹೇಳಿ ಎಷ್ಟು ಶತಮಾನ ಆಯ್ತು. ಎಲ್ಲಮ್ಮನ ಜೋಗಪ್ಪಂದಿರು ಚೌಡಕಿ ಹಿಡಿದು ಈ ಭೂಮಿ ಮೇಲೇ ನಡೆದುಕೊಂಡು ಬಂದಿದ್ದಾರೆ. ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷೆ ಆದರು. 2014ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಲಿಂಗ ನಾವೇ ಹೇಳಿಕೊಳ್ಳಬಹುದು ಅಂತು, 2021ರಲ್ಲಿ ರಾಜ್ಯ ಸರ್ಕಾರಿ ಕೆಲಸದಲ್ಲಿ ಶೇ. 1 ಮೀಸಲಾತಿ ಬಂತು. ಇದೆಲ್ಲ ಆಗಿದ್ದು ನಮ್ಮ ದೇಶದಲ್ಲಿ, ಹಿಮದ ಗ್ರಹದಲ್ಲಿ ಅಲ್ಲ.

ಆದರೂ ಬಾಡಿಗೆ ಮನೆ ಕೇಳೋಕೆ ಹೋದರೆ ಓನರ್ ಆಂಟಿ ನನ್ನನ್ನ ಆಗಷ್ಟೇ ಹಾರುವ ತಟ್ಟೆಯಿಂದ ಇಳಿದವಳ ಹಾಗೆ ನೋಡ್ತಾರೆ. ನನಗೆ ಬೇಕಾಗಿರೋ ಕಲ್ಪನಾಲೋಕದ ಕಥೆ ಬಹಳ ಸಣ್ಣದು. ಒಬ್ಬಳು ಟ್ರಾನ್ಸ್ ಹೆಣ್ಣು ಮಲ್ಲೇಶ್ವರದಲ್ಲಿ ಬಾಡಿಗೆ ಮನೆ ಕೇಳ್ತಾಳೆ, ಓನರ್ ಮುಂಗಡ ಎಷ್ಟು ಅಂತ ಮಾತ್ರ ಹೇಳ್ತಾರೆ. ಅಷ್ಟೇ ಕಥೆ. ಮಿಕ್ಕಿದ್ದರಲ್ಲಿ ನೀವು ರಾಕೆಟ್ ಹಾರಿಸಿಕೊಳ್ಳಿ.

ನಿವೃತ್ತ_ಮೇಷ್ಟ್ರು

ಗೊತ್ತಾಯಿತು ತಾಯಿ, ಹೆಸರು ನೋಡಿದಾಗಲೇ.

ನೈಟ್‌ಶಿಫ್ಟ್_ಗುರು

ಅಕ್ಕಾ, ಈ ಕಥೆ ಬರೀರಿ. ನೀವು ಬರೀದಿದ್ರೆ ನಾನೇ ಬರೀತೀನಿ, ಆಮೇಲೆ ಚೆನ್ನಾಗಿಲ್ಲ ಅಂತ ಬಯ್ಯಬೇಡಿ.

ಯಾರು ಬರೀತಾರೆ ಅನ್ನೋದಕ್ಕೆ ಒಂದು ತಮಾಷೆ. ಜೇಮ್ಸ್ ಟಿಪ್‌ಟ್ರಿ ಜೂನಿಯರ್ ಅನ್ನೋ ಹೆಸರಲ್ಲಿ ಒಬ್ಬರು ವಿಜ್ಞಾನ ಕಥೆ ಬರೀತಿದ್ರು. ಹೆಂಗಸು ಇರಬಹುದು ಅನ್ನೋ ಗುಮಾನಿ ಇತ್ತು. 1975ರಲ್ಲಿ ರಾಬರ್ಟ್ ಸಿಲ್ವರ್‌ಬರ್ಗ್ ಅನ್ನೋ ಕಥೆಗಾರ ಆ ಟಿಪ್‌ಟ್ರಿ ಪುಸ್ತಕಕ್ಕೆ ಮುನ್ನುಡಿ ಬರೆದು, ಈ ಬರವಣಿಗೆಯಲ್ಲಿ ಗಂಡಸುತನ ಎದ್ದು ಕಾಣುತ್ತೆ, ಹೆಂಗಸಾಗಿರೋಕೆ ಸಾಧ್ಯವೇ ಇಲ್ಲ ಅನ್ನೋ ಧಾಟಿಯಲ್ಲಿ ವಾದ ಮಾಡಿದ್ರು. ಸ್ವಲ್ಪ ಕಾಲದಲ್ಲೇ ಗುಟ್ಟು ಬಯಲಾಯ್ತು, ಅವರು ಆಲಿಸ್ ಶೆಲ್ಡನ್.

ಕಾಯಕವೇ_ಕಷ್ಟ

ಗಾಂಧಿಬಜಾರ್ ಅಕ್ಕಾವ್ರೇ, ನಿಮ್ಮ ಪ್ರಶ್ನೆ ಚೆನ್ನಾಗಿದೆ ಆದರೆ ಅರ್ಧ. ನಮ್ಮಲ್ಲಿ ಮುಸುರೆ ಯಾರು ತಿಕ್ತಾರೆ ಅನ್ನೋದು ಹೆಣ್ಣಿನ ಪ್ರಶ್ನೆ ಮಾತ್ರ ಅಲ್ಲ, ಜಾತಿ ಪ್ರಶ್ನೆ. ಬೆಂಗಳೂರಿನ ಬೀದಿಗಳನ್ನ ಬೆಳಗಿನ ಜಾವ ಗುಡಿಸೋ ಪೌರಕಾರ್ಮಿಕರನ್ನ ನೋಡಿ, ಬಹುಪಾಲು ಹೆಣ್ಣುಮಕ್ಕಳು, ಬಹುಪಾಲು ದಲಿತರು. ಮಲ ಹೊರಿಸಬಾರದು ಅಂತ 1993ರಲ್ಲಿ ಒಂದು ಕಾಯಿದೆ, ಸಾಲದು ಅಂತ 2013ರಲ್ಲಿ ಇನ್ನೊಂದು. ಆಮೇಲೂ ಮ್ಯಾನ್‌ಹೋಲ್‌ಗೆ ಇಳಿದು ಸತ್ತವರ ಸುದ್ದಿ ಬರುತ್ತೆ. ಮೋರನ ಗುಲಾಮರನ್ನ ನೋಡಿ ನಗೋಕೆ ಮುಂಚೆ ಇದು ನೆನಪಿರಲಿ.

ನನ್ನ ಮಟ್ಟಿಗೆ ಕನ್ನಡದ ದೊಡ್ಡ ಆದರ್ಶ ಸಮಾಜ ಪುಸ್ತಕದಲ್ಲಿ ಇಲ್ಲ, ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿದೆ. ಬಟ್ಟೆ ಒಗೆಯೋ ಮಾಚಯ್ಯ, ಚಪ್ಪಲಿ ಹೊಲಿಯೋ ಹರಳಯ್ಯ, ವಚನ ಬರೆದ ಸೂಳೆ ಸಂಕವ್ವ ಎಲ್ಲರೂ ಶರಣರೇ. ಅದರಲ್ಲಿ ನನಗೆ ಮೆಚ್ಚು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಉದುರಿದ ಅಕ್ಕಿ ಆಯ್ದು ತರೋ ಕಾಯಕದವನು. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದ. ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ’ ಅಂತ ಕೇಳಿ, ಹೆಚ್ಚಿನದನ್ನ ವಾಪಸ್ ಸುರಿದು ಬಾ ಅಂದಳು. ಗಂಡನಿಗೆ ಮಂಡಿಯೂರಿ ತಪ್ಪೊಪ್ಪಿಕೊಂಡವಳಲ್ಲ, ಗಂಡನ ತಪ್ಪು ಹಿಡಿದವಳು.

ಮುಗಿದಿದ್ದು ಹೇಗೆ ಗೊತ್ತಲ್ಲ. ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ. ಅಪ್ಪಂದಿರಿಬ್ಬರಿಗೂ ಎಳೆಹೂಟೆ ಶಿಕ್ಷೆ, ಅಂದರೆ ಆನೆ ಕಾಲಿಗೆ ಕಟ್ಟಿ ಎಳೆಸಿ ಕೊಲ್ಲೋದು. ಊರೆಲ್ಲ ರಕ್ತ, ಶರಣರೆಲ್ಲ ದಿಕ್ಕಾಪಾಲು. ವಚನ ಹೇಳಿದಾಗ ಸುಮ್ಮನಿದ್ದವರು, ಹೆಣ್ಣು ಜಾತಿ ದಾಟಿದಾಗ ಕತ್ತಿ ಹಿಡಿದರು. ಕಲ್ಪನಾಲೋಕ ಬರೆಯೋರು ಇದನ್ನ ನೋಡಬೇಕು, ಯಾವ ನಿಯಮ ಮುಟ್ಟಿದರೆ ಊರು ಹೊತ್ತಿಕೊಳ್ಳುತ್ತೆ ಅಂತ.

ಕುಂದಾಪ್ರ_ಕಡಲು

ಹೌದು ಮಾರಾಯ್ರೆ. ಮತ್ತೆ ಹೆಣ್ಣೇ ಬರೆದಳು ಅಂದರೆ ಆ ಲೋಕ ಶುದ್ಧ ಅಂತಲೂ ಇಲ್ಲ. ಶಾರ್ಲೆಟ್ ಗಿಲ್ಮನ್ 1915ರಲ್ಲಿ ಬರೆದ ‘ಹರ್‌ಲ್ಯಾಂಡ್’ನಲ್ಲಿ ಗಂಡಸರೇ ಇಲ್ಲದೆ ಎರಡು ಸಾವಿರ ವರ್ಷ ಬದುಕಿದ ಹೆಂಗಸರ ನಾಡು. ಎಷ್ಟು ಚೊಕ್ಕ, ಎಷ್ಟು ಶಾಂತಿ. ಹೇಗೆ ಅಂತ ನೋಡಿದರೆ, ‘ಕೀಳು ಗುಣ’ದ ಹೆಂಗಸರು ಮಕ್ಕಳನ್ನು ಹೆರಬಾರದು ಅಂತ ಮನವೊಲಿಸಿ ಇಟ್ಟದ್ದು. ತಳಿ ಆರಿಸುವ ಆ ವಿಚಾರ ಆ ಕಾಲದಲ್ಲಿ ಬಹಳ ಮಂದಿಗೆ ಪ್ರಗತಿಪರ ಅಂತಲೇ ಕಂಡಿತ್ತು. ನವೋಮಿ ಆಲ್ಡರ್‌ಮನ್ 2016ರ ‘ದಿ ಪವರ್’ನಲ್ಲಿ ಹುಡುಗಿಯರ ಕೈಗೆ ಕರೆಂಟು ಹೊಡೆಯುವ ಶಕ್ತಿ ಕೊಟ್ಟರು, ಅವರೂ ಅದೇ ದಬ್ಬಾಳಿಕೆಗೆ ಇಳಿದರು.

ಸರ್ಜಾಪುರ_ಸಿಗ್ನಲ್

ಕನ್ನಡದಲ್ಲಿ ಇಂಥದ್ದು ಏನಿದೆ ಹೇಳ್ರಪ್ಪ. ನಮ್ಮ ವಿಜ್ಞಾನ ಕಥೆಗಳಲ್ಲಿ ಪ್ರೊಫೆಸರ್ ಇರ್ತಾರೆ, ಪ್ರಯೋಗಾಲಯ ಇರುತ್ತೆ, ಕಾಫಿ ತರೋಕೆ ಮಾತ್ರ ಒಬ್ಬಳು ಬರ್ತಾಳೆ ಅಂತ ನನ್ನ ದೂರು.

ನಿವೃತ್ತ_ಮೇಷ್ಟ್ರು

ಕಾರ್ನಾಡರ ‘ಹಯವದನ’ವನ್ನು ಈ ಕಣ್ಣಿನಿಂದ ಮತ್ತೆ ಓದಿ. ಪದ್ಮಿನಿಗೆ ಗಂಡ ದೇವದತ್ತನ ಬುದ್ಧಿಯೂ ಬೇಕು, ಅವನ ಗೆಳೆಯ ಕಪಿಲನ ಮೈಕಟ್ಟೂ ಬೇಕು. ಕಾಳಿಯ ಗುಡಿಯಲ್ಲಿ ತಲೆ ಅದಲುಬದಲಾಗಿ ಅದು ಸಿಕ್ಕಿಯೂ ಬಿಡುತ್ತದೆ. ಆದರ್ಶ ಗಂಡಸನ್ನು ಹೆಣ್ಣು ತನ್ನ ಕೈಯಾರೆ ಜೋಡಿಸಿದ ಕಥೆ ನಮ್ಮಲ್ಲಿ ಇನ್ನೆಷ್ಟಿವೆ? ಮುಂದೆ ಮೈ ಮತ್ತೆ ತಲೆಯ ಮಾತು ಕೇಳಿ ಹಳೆಯ ಆಕಾರಕ್ಕೆ ಮರಳುತ್ತದೆ. ಗಂಡಸರಿಬ್ಬರೂ ಕಾದಾಡಿ ಸಾಯುತ್ತಾರೆ, ಆಕೆ ಬೆಂಕಿಗೆ ಇಳಿಯುತ್ತಾಳೆ. ಬಯಸಿದ್ದಕ್ಕೆ ಬೆಲೆ ತೆತ್ತವಳು ಯಾರೆಂದು ಗಾಂಧಿಬಜಾರಿನವರು ಕೇಳುತ್ತಾರೆ, ನನಗೆ ಗೊತ್ತು.

ಗಾಂಧಿಬಜಾರ್_ಓದುಗಿ

ಕೇಳೋಕೆ ಮುಂಚೆ ನೀವೇ ಹೇಳಿಬಿಟ್ಟಿರಿ ಮೇಷ್ಟ್ರೇ.

ಇಷ್ಟರಲ್ಲಿ ನನ್ನ ಪರೀಕ್ಷೆಯಲ್ಲಿ ಪಾಸಾಗೋ ಒಂದೇ ಒಂದು ಲೋಕ ಹೇಳ್ತೀನಿ. ಲೆ ಗ್ವಿನ್ ಅವರದ್ದೇ, 1974ರ ‘ದಿ ಡಿಸ್ಪೊಸೆಸ್ಡ್’. ಅನಾರೆಸ್ ಅನ್ನೋ ಬರಡು ಗ್ರಹ. ಸರ್ಕಾರ ಇಲ್ಲ, ಆಸ್ತಿ ಇಲ್ಲ, ಹೆಣ್ಣು ಗಂಡು ಯಾವ ಕೆಲಸಕ್ಕಾದರೂ ಹೋಗಬಹುದು. ಹೊಲಸು ಕೆಲಸ ಯಾರು ಮಾಡ್ತಾರೆ ಅನ್ನೋ ಪ್ರಶ್ನೆಯನ್ನ ಕಥೆ ತಪ್ಪಿಸಿಕೊಳ್ಳಲ್ಲ. ಹತ್ತು ದಿನಕ್ಕೊಂದು ದಿನ ಎಲ್ಲರದ್ದೂ ಸರದಿ, ಭೌತವಿಜ್ಞಾನಿಯದ್ದೂ. ಆದರೆ ಲೇಖಕಿ ಅದನ್ನ ಸ್ವರ್ಗ ಮಾಡಲ್ಲ. ಬರಗಾಲ ಬರುತ್ತೆ, ಅಸೂಯೆ ಇದೆ, ಕಾನೂನಿಲ್ಲದ ಕಡೆ ಅಕ್ಕಪಕ್ಕದವರ ಬಾಯೇ ಕಾನೂನಾಗುತ್ತೆ. ವಠಾರದಲ್ಲಿ ಬೆಳೆದವರಿಗೆ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಪೀಣ್ಯ_ಎರಡನೇ_ಹಂತ

ಇದು ಓದ್ತೀನಿ. ಲೈಬ್ರರಿಯಲ್ಲಿ ಸಿಗುತ್ತಾ?

ನೈಟ್‌ಶಿಫ್ಟ್_ಗುರು

ನನ್ನ ಹತ್ರ ಇದೆ, ಭಾನುವಾರ ಕಬ್ಬನ್ ಪಾರ್ಕ್ ಕಡೆ ಬಂದ್ರೆ ಕೊಡ್ತೀನಿ.

ಮೇಡಂ, ಹತ್ತು ದಿನಕ್ಕೊಂದು ದಿನ ಅನ್ನೋದನ್ನ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕಿ ನೋಡ್ಲಾ? ಮೆಟ್ಟಿಲು ಗುಡಿಸೋದು, ಹಸಿ ಕಸ ಒಣ ಕಸ ಬೇರೆ ಮಾಡೋದು, ಎಲ್ಲ ಫ್ಲಾಟಿನವರೂ ಸರದಿ ಮೇಲೆ.

ಕಾಯಕವೇ_ಕಷ್ಟ

ಹಾಕಿ. ಅದರ ಜೊತೆಗೆ, ಈಗ ಗುಡಿಸ್ತಿರೋ ಅಮ್ಮನಿಗೆ ಆ ದಿನದ ಸಂಬಳ ಕಡಿತ ಆಗಬಾರದು ಅಂತಲೂ ಹಾಕಿ.

ನೈಟ್‌ಶಿಫ್ಟ್_ಗುರು

ಎರಡೂ ಹಾಕಿದೆ. ಸೆಕ್ರೆಟರಿ ‘ಹೌಸ್‌ಕೀಪಿಂಗ್‌ಗೆ ತಿಂಗಳು ತಿಂಗಳು ದುಡ್ಡು ಕೊಡ್ತಿದ್ದೀವಲ್ಲ’ ಅಂದ್ರು. ಮೂರನೇ ಮಹಡಿ ಅಂಕಲ್ ನಮಸ್ಕಾರದ ಇಮೋಜಿ ಹಾಕಿದ್ರು. ಒಂದಿಬ್ಬರು ಗ್ರೂಪೇ ಬಿಟ್ಟು ಹೋದ್ರು.

ಧಾರವಾಡದ_ಪೇಡೆ_ವಿಜಯನಗರದ_ಬಾಡಿಗೆ

ಒಬ್ಬೊಬ್ಬರ ಹೋದ್ರೋ, ಕೂಡಿ ಹೋದ್ರೋ?